ನಾಮಕ್ಕೆ ತೊಡಿಸುವ ಅಲಂಕಾರ

ಮಳೆಶಂಕರನ ಗುಡಿ, ವೆಂಕಟೇಶ್ವರನ ಗುಡಿ, ಬೂದಿಬಸವೇಶ್ವರರ ಮಠ, ಇವುಗಳೊಡನೆ ಪುರಾತನ ಶಾಸನಶಿಲೆಗಳನ್ನೂ ತನ್ನ ಮಡಿಲಲ್ಲಿರಿಸಿಕೊಂಡಿರುವ ದೇವದುರ್ಗ ತಾಲೂಕಿನ ಗಬ್ಬೂರಿನಂತಹ ಊರಿನಲ್ಲಿ, ದೇವರ ನಾಮವನ್ನು ಬರೆವ ಅಕ್ಷರಕ್ಕೆ ಅಲಂಕಾರ ಸಲ್ಲುವುದೇ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ಹಳೆಯ ಚಲನಚಿತ್ರಗಳ ಶೀರ್ಷಿಕೆಗಳನ್ನೂ ಪೇಂಟರುಗಳ ಕುಂಚದ ಬಳುಕನ್ನೂ ಅನುಕರಿಸಿ ಗಣಕದಲ್ಲಿ ರಚಿಸಿದ ಅಚ್ಚಕ್ಷರಗಳು ಈಗ ಜಾತ್ರೆಯ ಫ್ಲೆಕ್ಸುಗಳ ಮೇಲೂ ಮಹಾದ್ವಾರಗಳ ಮೇಲೂ ಏರುತ್ತಿರುವುದರಿಂದ, ಈ ಪ್ರಶ್ನೆ ಕೇವಲ ಅಭಿರುಚಿಯದಾಗಿ ಉಳಿದಿಲ್ಲ.

ನಿರಾಭರಣವಾದ ಅಕ್ಷರವೇ ಧರ್ಮಕ್ಕೆ ತಕ್ಕುದೆಂಬವರಿಗೆ ಇದೇ ಜಿಲ್ಲೆಯ ಮಸ್ಕಿಯ ಬಂಡೆ ಪ್ರಬಲವಾದ ಸಾಕ್ಷಿ. 1915ರಲ್ಲಿ ಬೆಳಕಿಗೆ ಬಂದ ಆ ಶಾಸನದಲ್ಲಿ, ಬೇರೆಡೆಗಳಲ್ಲಿ ದೇವಾನಾಂಪ್ರಿಯನೆಂಬ ಬಿರುದಿನ ಮರೆಯಲ್ಲಿದ್ದ ಅರಸನ ಹೆಸರು ಅಶೋಕನೆಂದು ಸರಳವಾದ ಬ್ರಾಹ್ಮೀ ಗೆರೆಗಳಲ್ಲಿ ಕಂಡುಬಂದಿತು. ಅದಕ್ಕೆ ಯಾವ ತೊಡವೂ ಬೇಕಾಗಿರಲಿಲ್ಲ. ಆದರೂ ಈ ವಾದವನ್ನು ನಾನು ಪೂರ್ಣವಾಗಿ ಒಪ್ಪಲಾರೆ. ಮಾನ್ವಿಯ ಜಗನ್ನಾಥದಾಸರು ಹರಿಕಥಾಮೃತಸಾರವನ್ನು ಭಾಮಿನೀ ಷಟ್ಪದಿಯಲ್ಲಿ ರಚಿಸಿದಾಗ ತತ್ತ್ವಕ್ಕೆ ಛಂದಸ್ಸಿನ, ಪ್ರಾಸದ ಅಲಂಕಾರವನ್ನು ತೊಡಿಸಿದರಷ್ಟೆ. ಆ ಅಲಂಕಾರದಿಂದ ತತ್ತ್ವ ಮರೆಯಾಗದೆ, ಓದುಬಾರದವರ ನಾಲಗೆಯ ಮೇಲೂ ನೆಲೆಗೊಂಡಿತು. ಅಭಿಷೇಕವಾದ ಬಳಿಕ ಮೂರ್ತಿಗೆ ಗಂಧ, ವಸ್ತ್ರ, ಪುಷ್ಪಗಳನ್ನೇರಿಸುವ ಅರ್ಚಕನು ಮುಖವನ್ನು ಮುಚ್ಚನು. ಕೊರತೆ ದೇವರಲ್ಲಿಲ್ಲ, ಅರ್ಪಿಸದೆ ಇರಲಾರದ ಹಂಬಲ ಭಕ್ತನದು. ಆ ಹಂಬಲವೂ ದರ್ಶನಕ್ಕೆ ಅಡ್ಡಬಾರದೆಂಬ ವಿವೇಕ ಪೂಜೆಯಲ್ಲಿಯೇ ಇದೆ.

ಅಕ್ಷರಕ್ಕೂ ಅಂತಹ ಮುಖವುಂಟು. ಕನ್ನಡದಲ್ಲಿ ದಕಾರಕ್ಕೂ ಧಕಾರಕ್ಕೂ ಇರುವ ಭೇದವೆಂದರೆ ಬುಡದ ಒಂದು ಕಿರುಗೆರೆ. ಅಲ್ಲಿ ಸೊಗಸಿಗೆಂದು ಒಂದು ಕುಡಿಯನ್ನೆಳೆದರೆ ಬೂದಿಬಸವೇಶ್ವರರ ನಾಮವೇ ಕೆಡುವುದು. ಕೆಳಗಿಳಿದ ವಕಾರದ ಒತ್ತನ್ನು ಫಲಕದ ಅಂಚಿಗೆ ಸಿಕ್ಕಿಸಿ ಕುಗ್ಗಿಸಿದರೂ ಅದೇ ಅನರ್ಥ. ಮೊದಲು ಗೆರೆ ಹೊಡೆದುಕೊಂಡು, ಒತ್ತಿಗೆ ಎಡೆಯುಳಿಸಿ, ಬಳಿಕ ಕುಂಚ ಹಿಡಿಯುತ್ತಿದ್ದ ಹಳೆಯ ಪೇಂಟರನು ಅಕ್ಷರದ ಒಂದು ಮಗ್ಗುಲಿಗೆ ನೆರಳು ಬಳಿಯುತ್ತಿದ್ದುದು ಮೆರೆಯಲಿಕ್ಕಷ್ಟೇ ಅಲ್ಲ, ಬೀದಿಯ ಆಚೆಬದಿಯಿಂದಲೂ ಹೆಸರು ಎದ್ದು ಕಾಣಲೆಂದು. ತಲೆಕಟ್ಟಿನ ಬಾಗು, ಕೊಂಬಿನ ಸುರುಳಿ ಮೊದಲಾದ ಅಕ್ಷರದ ಸ್ವಂತ ಅಂಗಗಳಿಂದಲೇ ಅರಳುವ ಅಂತಹ ಅಲಂಕಾರವನ್ನು ನಾನು ಪೂಜೆಯೆಂದೇ ಎಣಿಸುತ್ತೇನೆ.

ಆದರೆ ಬಣ್ಣ ಸುಲಿದಂತೆಯೂ ಅಂಚು ಸವೆದಂತೆಯೂ ಮೊದಲೇ ರೂಪಿಸಿದ ಹೊಸ ಅಕ್ಷರಗಳನ್ನು ಗುಡಿಯ ಬಾಗಿಲಿಗೆ ತರುವುದು ನನಗೆ ಸಮ್ಮತವಲ್ಲ. ಶಾಸನಶಿಲೆಯ ಸವೆತ ಶತಮಾನಗಳ ಮಳೆಬಿಸಿಲುಗಳು ಕೊಟ್ಟುದು. ಬಾಳದ ಕಾಲವನ್ನು ಬಾಳಿದೆನೆಂದು ದೇವರ ಮುಂದೆ ಹೇಳಿಕೊಳ್ಳುವುದು ಅಸತ್ಯ, ಅದು ಎಷ್ಟೇ ಸುಂದರವಾಗಿರಲಿ.

ಗುಡಿಮಠಗಳ ಆಡಳಿತ ಹೊತ್ತ ಹಿರಿಯರಲ್ಲಿ ನನ್ನದೊಂದು ಬಿನ್ನಹ: ಊರಿನಲ್ಲಿ ಕುಂಚ ಹಿಡಿಯಬಲ್ಲ ಪೇಂಟರನಿರುವನಕ ನಾಮಫಲಕವನ್ನು ಆತನಿಂದಲೇ ಬರೆಯಿಸಿರಿ, ಅಚ್ಚಕ್ಷರವೇ ಅನಿವಾರ್ಯವಾದರೆ, ಮೇಲೇರಿಸುವ ಮುನ್ನ ಈಚೆಗೆ ಓದು ಕಲಿತ ಮಗುವೊಂದರಿಂದ ಆ ಹೆಸರನ್ನು ಗಟ್ಟಿಯಾಗಿ ಓದಿಸಿ ನೋಡಿರಿ.