ಸೋಸುವ ಬಟ್ಟೆಗೆ ಸಿಗದ ಹಿಂಸೆ

ನೀರನ್ನು ಸೋಸಿ ಕುಡಿಯುವುದು ಶ್ರಾವಕನ ಪ್ರಥಮ ಲಕ್ಷಣಗಳಲ್ಲೊಂದೆಂಬುದು ವಾಚಕರಿಗೆ ವಿದಿತವೇ ಇದೆ. ಸೋಸಿದರಷ್ಟೇ ಸಾಲದು, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಯಾವ ಬಾವಿಯಿಂದ ನೀರು ಬಂದಿತೋ ಅಲ್ಲಿಗೇ ಮೆಲ್ಲನೆ ಇಳಿಸಬೇಕು. ಈ ಎರಡನೆಯ ವಿಧಿಯೇ ಹಿರಿದೆಂದು ನನ್ನ ಭಾವನೆ. ಸೋಸುವುದರಲ್ಲಿ ನಮ್ಮ ಆರೋಗ್ಯದ ಸ್ವಾರ್ಥವೂ ಸೇರಿರಬಹುದು. ಮರಳಿ ಬಿಡುವುದರಲ್ಲಿ ಕೇವಲ ದಯೆಯಿದೆ. ಆದರೆ ಹಾಗೆ ಬಿಟ್ಟ ಜೀವವು ಬದುಕಬಲ್ಲಂಥ ನೀರನ್ನು ನಾವು ಉಳಿಸಿದ್ದೇವೆಯೇ?

ಕೆರೆಕುಂಟೆಗಳಲ್ಲಿ ನೀರುಚಿಗಟವೆಂಬ ತ್ರಸಜೀವವಿದೆ. ಬಹಳವಾದರೆ ಎಳ್ಳುಕಾಳಿನಷ್ಟು ಗಾತ್ರ, ದೇಹವು ಪಾರದರ್ಶಕ, ಸೂಕ್ಷ್ಮದರ್ಶಕದಲ್ಲಿ ಅದರ ಹೃದಯದ ಮಿಡಿತವೇ ಕಾಣುತ್ತದೆ. ನೀರಿನಲ್ಲಿ ತೇಲುವ ಪಾಚಿಯ ಕಣಗಳನ್ನು ಸೋಸಿ ತಿನ್ನುವುದು ಅದರ ಆಹಾರಕ್ರಮ. ಅದೂ ಸೋಸುವ ಪ್ರಾಣಿಯೇ! ಬೆಳ್ಳಿ, ತಾಮ್ರ, ಸತು ಮೊದಲಾದವುಗಳನ್ನು ಮಿಲಿಮೀಟರಿನ ಹತ್ತು ಸಾವಿರದ ಒಂದು ಭಾಗಕ್ಕಿಂತಲೂ ಸಣ್ಣದಾಗಿಸಿದ ಕಣಗಳಿಗೆ ನ್ಯಾನೋ ಕಣಗಳೆಂದು ಹೆಸರು. ಬೆವರಿನ ವಾಸನೆ ತಡೆಯುವ ಕೆಲವು ಕಾಲುಚೀಲಗಳಲ್ಲಿ ಬೆಳ್ಳಿಯ ಇಂಥ ಕಣಗಳಿರುತ್ತವೆ. ಒಗೆದಾಗ ನೀರಿಗೆ ಬರುತ್ತವೆ. ಅವುಗಳಿಂದ ಕರಗಿ ಬರುವ ಬೆಳ್ಳಿಯು, ನೀರುಚಿಗಟವು ಜೀವಧಾರಣೆಗಾಗಿ ನೀರಿನಿಂದ ಸೋಡಿಯಂ ಹೀರುವ ದಾರಿಯನ್ನು ಮುಚ್ಚುತ್ತದೆ. ಇನ್ನು ಟೈಟಾನಿಯಂ ಡೈಆಕ್ಸೈಡಿನ ಕಣಗಳು ರೂಢಿಯ 48 ಗಂಟೆಗಳ ಪರೀಕ್ಷೆಯಲ್ಲಿ ಬಹುತೇಕ ನಿರಪಾಯವೆಂದು ತೋರಿದ್ದವು. 2011ರಲ್ಲಿ ಜರ್ಮನಿಯ ಸಂಶೋಧಕರು ಪರೀಕ್ಷೆಯನ್ನು 4 ದಿನಗಳಿಗೆ ಮುಂದುವರಿಸಿದಾಗ, ಅವು ಮೈಗೆ ಅಂಟಿಕೊಂಡು, ಪೊರೆ ಕಳಚಲಾಗದೆ ಜೀವಗಳು ಸತ್ತವು.

ಕೆರೆಯು ಪ್ರಯೋಗಶಾಲೆಯಲ್ಲ, ನಿಜ. ಬೆಳ್ಳಿಯ ಬಹುಭಾಗವು ಗಂಧಕದೊಡನೆ ಕೂಡಿ, ತೀಕ್ಷ್ಣತೆ ಕಳೆದುಕೊಂಡು ಕೆಸರಿಗಿಳಿಯುತ್ತದೆ. ಆದರೂ ಮನುಷ್ಯನಿಗೆ ಶುದ್ಧವಾದುದೆಲ್ಲ ಅನ್ಯಜೀವಕ್ಕೂ ಶುದ್ಧವೆಂದು ತಿಳಿಯಲಾಗದು. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ತಾಮ್ರದವರೆಗೆ ವಿಶ್ವ ಆರೋಗ್ಯ ಸಂಸ್ಥೆಯು ಒಪ್ಪುತ್ತದೆ. ಮೆದು ನೀರಿನಲ್ಲಿ ಅದರ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ ತಾಮ್ರವೂ ನೀರುಚಿಗಟಕ್ಕೆ ಮಾರಕ.

“ಕಣ್ಣಿಗೆ ಕಾಣದ ಕಣ, ಕಣ್ಣಿಗೆ ಕಾಣದ ಸಾವು, ಕೊಲ್ಲುವ ಸಂಕಲ್ಪವೂ ಇಲ್ಲ. ದೋಷವೆಲ್ಲಿಯದು?” ಎಂದು ಕೇಳುವವರುಂಟು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ತಿಳಿದ ಮೇಲೂ ವಿಚಾರಿಸದಿರುವುದು ಪ್ರಮಾದವಲ್ಲವೇ? ಕತ್ತಲೆಯಲ್ಲಿ ಜೀವಗಳು ಕಾಣವೆಂಬ ಕಾರಣಕ್ಕೇ ರಾತ್ರಿಭೋಜನವನ್ನು ತ್ಯಜಿಸಿದವರು ನಾವು. ಕಾಣದಿರುವುದು ನಮ್ಮಲ್ಲಿ ಎಂದೂ ವಿನಾಯಿತಿಯಾಗಿರಲಿಲ್ಲ.

ಹಾಗೆಂದು ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ವಾಸನೆಯ ಭಯಕ್ಕೆ ಬೆಳ್ಳಿ ಲೇಪಿಸಿದ ಕಾಲುಚೀಲ ಕೊಳ್ಳುವುದು ನನ್ನ ದೃಷ್ಟಿಯಲ್ಲಿ ಅನರ್ಥದಂಡ. ಭೋಗೋಪಭೋಗ ಪರಿಮಾಣ ಮಾಡುವಾಗ ಮೊದಲು ಬಿಡತಕ್ಕದ್ದು ಇಂಥದೇ. ಬ್ಯಾಡಗಿ, ರಾಣೆಬೆನ್ನೂರು ಸೀಮೆಯಲ್ಲಿ ಮೆಣಸಿನ ಗಿಡದ ರೋಗಕ್ಕೆ ತಾಮ್ರದ ಔಷಧ ಸಿಂಪಡಿಸುವ ರೈತನದು ಉದ್ಯೋಗೀ ಹಿಂಸೆ. ಗೃಹಸ್ಥನಿಗೆ ಅದು ಪೂರ್ಣವಾಗಿ ತಪ್ಪದು. 2024ರಲ್ಲಿ ಕೇಂದ್ರ ಸರ್ಕಾರವು ನ್ಯಾನೋ ಸತು, ನ್ಯಾನೋ ತಾಮ್ರದ ದ್ರವಗೊಬ್ಬರಗಳಿಗೂ ಅನುಮತಿಯಿತ್ತಿದೆ. ಗೊಬ್ಬರ ಕಡಿಮೆ ಸಾಕಾದರೆ ಅದರಲ್ಲಿ ಹಿತವೂ ಇರಬಹುದು. ಆದರೆ ಸಿಂಪಡಿಸಿದ ಪಂಪನ್ನು ತುಂಗಭದ್ರೆ, ವರದೆಯರಿಗೆ ಸೇರುವ ಹಳ್ಳಗಳಲ್ಲಿ ಜಾಲಾಡುವುದು ಯಾವ ಬೆಳೆಗೂ ಬೇಕಿಲ್ಲ. ಎರಡು ಕೊಡ ನೀರನ್ನು ಹೊಲಕ್ಕೆ ಹೊತ್ತು ತಂದು, ಅಲ್ಲಿಯೇ ತೊಳೆದು, ಆ ನೀರನ್ನು ಗಿಡದ ಸಾಲಿಗೇ ಚೆಲ್ಲಬಹುದು.