ಅಟಾಮಿಯ ಬಿಸಿನೀರು ಹೊತ್ತವರು

ಜಪಾನಿನ ಬಿಸಿನೀರಿನ ಬುಗ್ಗೆಗಳ ಊರಾದ ಅಟಾಮಿಯಲ್ಲಿ ವಿಶ್ರಾಂತಿ ಶುರುವಾಗುವುದು ಮಧ್ಯಾಹ್ನ ಮೂರಕ್ಕೆ. ಅದಕ್ಕಿಂತ ಮೊದಲು ಹೋದರೆ ವಸತಿಗೃಹದವರು ಚೀಲ ತೆಗೆದಿಟ್ಟುಕೊಂಡು, ನಗುನಗುತ್ತಲೇ ನಿಮ್ಮನ್ನು ಮತ್ತೆ ಬೀದಿಗೆ ಕಳಿಸುತ್ತಾರೆ. ಮೂರಾದ ಮೇಲೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬನ್ನಿ. ಕೋಣೆಯಲ್ಲಿ ಹುಲ್ಲುಚಾಪೆಯ ನೆಲ, ಒಂದು ಗಿಡ್ಡ ಮೇಜು, ಹಸಿರು ಚಹ, ಅದರ ಜೊತೆಗೆ ಪುಟ್ಟದೊಂದು ಸಿಹಿ. ಮೂಲೆಯಲ್ಲಿ ಮಡಿಸಿಟ್ಟ ಹತ್ತಿಯ ನಿಲುವಂಗಿ, ಯುಕಾತಾ. ಅದನ್ನು ತೊಡುವಾಗ ಎಡ ಮಗ್ಗುಲು ಬಲದ ಮೇಲೆ ಬರಬೇಕು. ತಿರುಗುಮುರುಗಾದರೆ ಅದು ಹೆಣಕ್ಕೆ ಉಡಿಸುವ ರೀತಿ. ಮರುದಿನ ಬೆಳಿಗ್ಗೆ ಹತ್ತಕ್ಕೆ ಕೋಣೆ ಬಿಡಬೇಕು. ನಡುವಿನ ಹತ್ತೊಂಬತ್ತು ಗಂಟೆಗಳಲ್ಲಿ ನಿಮಗಿರುವ ಕೆಲಸ ಇಷ್ಟೇ: ಸ್ನಾನ, ಊಟ, ಮತ್ತೆ ಸ್ನಾನ, ನಿದ್ದೆ, ಎದ್ದು ಇನ್ನೊಂದು ಸ್ನಾನ, ತಿಂಡಿ.

ಇಷ್ಟು ಕಟ್ಟುನಿಟ್ಟಾಗಿ ವೇಳಾಪಟ್ಟಿ ಹಾಕಿಕೊಂಡು ಸುಮ್ಮನಿರುವ ಜನ ಬೇರೆಲ್ಲೂ ಇರಲಾರರು.

ಸ್ನಾನದ ಮನೆಯ ಬಾಗಿಲಿಗೆ ಬಟ್ಟೆಯ ಪರದೆ ತೂಗುಬಿಟ್ಟಿರುತ್ತದೆ. ಸಾಮಾನ್ಯವಾಗಿ ನೀಲಿ ಗಂಡಸರಿಗೆ, ಕೆಂಪು ಹೆಂಗಸರಿಗೆ. ಹಲವು ಕಡೆ ಬೆಳಗಾಗುವುದರೊಳಗೆ ಈ ಎರಡನ್ನೂ ಅದಲುಬದಲು ಮಾಡಿರುತ್ತಾರೆ, ಎರಡೂ ಕೊಳಗಳ ಸುಖ ಎಲ್ಲರಿಗೂ ಸಿಗಲಿ ಎಂದು. ನಿನ್ನೆ ಹೋದ ಬಾಗಿಲೇ ತಾನೇ ಎಂದು ನಿದ್ದೆಗಣ್ಣಿನಲ್ಲಿ ನುಗ್ಗಿದರೆ ಫಜೀತಿ. ಒಳಗೆ ಹೋದ ಮೇಲೆ ಮೈಮೇಲೆ ಒಂದೆಳೆ ಬಟ್ಟೆಯೂ ಇರಕೂಡದು. ನಮ್ಮವರು ತಡವರಿಸುವುದು ಇಲ್ಲಿಯೇ. ಹೊಳೆಯಲ್ಲಿ ಮೀಯುವಾಗಲೂ ಪಂಚೆ ಸುತ್ತಿಕೊಳ್ಳುವ, ಲಂಗವನ್ನು ಎದೆಗೆ ಎತ್ತಿ ಕಟ್ಟಿಕೊಳ್ಳುವ ನಾಡಿನವರು ನಾವು. ಹೆಚ್ಚು ದುಡ್ಡು ತೆತ್ತು ಖಾಸಗಿ ಕೊಳ ಹಿಡಿಯುವ ದಾರಿಯೂ ಉಂಟು. ಆದರೆ ಎಲ್ಲರೂ ಮೀಯುವ ಕೊಳದಲ್ಲೂ ಯಾರೂ ಯಾರನ್ನೂ ನೋಡುವುದಿಲ್ಲ. ಅಂಗೈ ಅಗಲದ ಟವೆಲನ್ನು ಮಡಿಸಿ ತಲೆಯ ಮೇಲಿಟ್ಟುಕೊಂಡು ಕಡಲಿನ ಕಡೆ ಮುಖ ಮಾಡಿ ಕೂತವರ ನಡುವೆ ಸಂಕೋಚ ಐದು ನಿಮಿಷಕ್ಕಿಂತ ಹೆಚ್ಚು ಬಾಳುವುದಿಲ್ಲ.

ಹಂಡೆಯ ನೀರನ್ನು ತಂಬಿಗೆಯಲ್ಲಿ ಮೊಗೆದು ಹೊಯ್ದುಕೊಳ್ಳುವ ನಮಗೆ ಕೊಳೆ ತೆಗೆಯುವುದೂ ಸುಖಪಡುವುದೂ ಒಂದೇ ಕೆಲಸ. ಅವರಿಗೆ ಅವೆರಡೂ ಬೇರೆ ಬೇರೆ. ಮೊದಲು ಗೋಡೆಯ ಬದಿಯ ಪುಟ್ಟ ಮಣೆಯ ಮೇಲೆ ಕೂತು, ಸೋಪು ಹಚ್ಚಿ, ಉಜ್ಜಿ, ನೊರೆ ಪೂರ್ತಿ ಹೋಗುವಂತೆ ತೊಳೆದುಕೊಳ್ಳಬೇಕು. ಅಲ್ಲಿಗೆ ನೈರ್ಮಲ್ಯದ ಕೆಲಸ ಮುಗಿಯಿತು. ಕೊಳಕ್ಕೆ ಇಳಿಯುವುದು ನೆನೆಯುವುದಕ್ಕೆ ಮಾತ್ರ. ನೀರು ನಲವತ್ತು, ನಲವತ್ತೆರಡು ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹತ್ತು ನಿಮಿಷಕ್ಕೆ ಹಣೆಯಲ್ಲಿ ಬೆವರು. ಎದುರಿಗೆ ಸಾಗಾಮಿ ಕೊಲ್ಲಿ, ಅದರಲ್ಲಿ ಹತ್ಸುಶಿಮಾ ಎಂಬ ಚಿಕ್ಕ ದ್ವೀಪ. ಬೆನ್ನಿಗೆ ಹಳೆಯ ಜ್ವಾಲಾಮುಖಿಗಳು ಬಿಟ್ಟುಹೋದ ಗುಡ್ಡಗಳು. ಇಲ್ಲಿನ ಅನೇಕ ಬುಗ್ಗೆಗಳ ನೀರು ಉಪ್ಪು. ಆ ಉಪ್ಪು ಚರ್ಮದ ಮೇಲೆ ತೆಳ್ಳಗೆ ಕೂತು ಬೆವರು ಬೇಗ ಆರಿಹೋಗದಂತೆ ತಡೆಯುತ್ತದೆ. ಕೊಳದಿಂದ ಎದ್ದು ಗಂಟೆ ಕಳೆದರೂ ಮೈ ಬೆಚ್ಚಗಿರುವುದು ಅದರಿಂದಲೇ. ಜಪಾನಿನಲ್ಲಿ ಬಿಸಿನೀರಿನ ಬುಗ್ಗೆಗೂ ಒಂದು ಕಾನೂನಿದೆ. 1948ರ ಆ ಕಾನೂನಿನ ಪ್ರಕಾರ ನೆಲದಿಂದ ಬರುವ ನೀರು 25 ಡಿಗ್ರಿಯಾದರೂ ಇರಬೇಕು, ಇಲ್ಲವೇ ಪಟ್ಟಿಯಲ್ಲಿ ಹೇಳಿದ ಖನಿಜಗಳಲ್ಲಿ ಒಂದಾದರೂ ಅದರಲ್ಲಿ ಗೊತ್ತುಪಡಿಸಿದ ಪ್ರಮಾಣದಲ್ಲಿ ಇರಬೇಕು. ಮಿಂದವರು ತೆರಿಗೆಯನ್ನೂ ಕೊಡುತ್ತಾರೆ, ಸಾಮಾನ್ಯವಾಗಿ ತಲೆಗೆ 150 ಯೆನ್.

ಕೊಳದಲ್ಲಿ ಕೂತವನಿಗೆ ಇದೆಲ್ಲ ನೆಲದಡಿಯಿಂದ ತಾನಾಗಿ ಉಕ್ಕಿ ಬಂದ ಸುಖವೆಂದು ತೋರುತ್ತದೆ. ನೀರಿನ ಮಟ್ಟಿಗೆ ಅದು ನಿಜ. ಅಟಾಮಿಯ ಚರಿತ್ರೆ ಓದಿದರೆ ಮಾತ್ರ, ಆ ನೀರನ್ನು ಜನರ ಬಳಿಗೆ ಒಯ್ಯಲು, ಜನರನ್ನು ನೀರಿನ ಬಳಿಗೆ ತರಲು ಯಾರೋ ಒಬ್ಬರು ಯಾವಾಗಲೂ ಹೆಗಲು ಕೊಟ್ಟಿರುವುದು ಕಾಣುತ್ತದೆ.

ಟೊಕುಗಾವಾ ಇಯೆಯಾಸು ಇಲ್ಲಿಗೆ ಬಂದು ಮಿಂದದ್ದು 1604ರಲ್ಲಿ, ಶೋಗುನ್ ಆಗಿ, ಅಂದರೆ ನಾಡನ್ನು ಆಳುವ ಸೇನಾಧಿಪತಿಯಾಗಿ, ಅಧಿಕಾರ ಹಿಡಿದ ಮರುವರ್ಷ. ಅವನಿಗೆ ಹಿಡಿಸಿದ ನೀರು ಅವನ ವಂಶದವರಿಗೂ ಹಿಡಿಸಿತು. ಆದರೆ ರಾಜ್ಯಭಾರ ಬಿಟ್ಟು ಪದೇ ಪದೇ ಅಟಾಮಿಗೆ ಬರುವುದು ಹೇಗೆ? ಹಾಗಾಗಿ ಬಿಸಿನೀರನ್ನೇ ಮರದ ಪೀಪಾಯಿಗಳಲ್ಲಿ ತುಂಬಿಸಿ, ಆಳುಗಳ ಹೆಗಲ ಮೇಲೆ ಎಡೊ ಕೋಟೆಗೆ, ಅಂದರೆ ಇಂದಿನ ಟೋಕಿಯೊಗೆ, ತರಿಸಿಕೊಂಡರು. ನೂರು ಕಿಲೊಮೀಟರಿನಷ್ಟು ದಾರಿ, ನಡುವೆ ಘಟ್ಟ. ಯಾವ ಶೋಗುನ್ ಎಷ್ಟು ಪೀಪಾಯಿ ತರಿಸಿಕೊಂಡ ಎನ್ನುವ ಲೆಕ್ಕ ಊರಿನವರ ನಾಲಿಗೆಯ ಮೇಲಿದೆ. ಹೊತ್ತವರ ಹೆಸರು ಯಾರೂ ಹೇಳುವುದಿಲ್ಲ.

ಊರ ನಡುವೆ ‘ಒಯು’ ಎಂಬ ಹಳೆಯ ಬುಗ್ಗೆಯೊಂದಿದೆ. ಒಂದು ಕಾಲಕ್ಕೆ ಹೊತ್ತುಹೊತ್ತಿಗೆ ಕುದಿನೀರನ್ನು ಆಕಾಶಕ್ಕೆ ಎರಚುತ್ತಿತ್ತು. ಈಗ ಯಂತ್ರ ಇಟ್ಟು ಚಿಮ್ಮಿಸುತ್ತಾರೆ. ಜಪಾನಿಗೆ ಬಂದ ಬ್ರಿಟಿಷ್ ರಾಯಭಾರಿ ರದರ್‌ಫರ್ಡ್ ಆಲ್‌ಕಾಕ್ 1860ರಲ್ಲಿ ಫ್ಯೂಜಿ ಪರ್ವತ ಹತ್ತಿ, ಇಳಿದು, ದಣಿವಾರಿಸಿಕೊಳ್ಳಲು ಅಟಾಮಿಗೆ ಬಂದ. ಅವನ ನಾಯಿ ಟೋಬಿ ಈ ಬುಗ್ಗೆಯ ಬಾಯಿಗೆ ಹೋಗಿ ಬೆಂದು ಸತ್ತಿತು. ಹೊರದೇಶದವರನ್ನು ಕಂಡರೆ ಕತ್ತಿ ಹಿರಿಯುತ್ತಿದ್ದ ಕಾಲ ಅದು. ಆದರೂ ಊರವರು ತಮ್ಮದೇ ಮನೆಯ ಸಾವೆಂಬಂತೆ ನಾಯಿಯನ್ನು ಮಣ್ಣು ಮಾಡಿದರು, ಪುರೋಹಿತನೂ ಬಂದ. ಆಲ್‌ಕಾಕ್ ಇದನ್ನು ತನ್ನ ಪುಸ್ತಕದಲ್ಲಿ ನೆನೆದಿದ್ದಾನೆ. ಬುಗ್ಗೆಯ ಪಕ್ಕದಲ್ಲಿ ಟೋಬಿಯ ಸಮಾಧಿಗಲ್ಲು ಇಂದಿಗೂ ಇದೆ. ಪೀಪಾಯಿ ಹೊತ್ತವರಿಗೆ ದಕ್ಕದ ಹೆಸರು ನಾಯಿಗೆ ದಕ್ಕಿತಲ್ಲ ಎಂದು ನಗು ಬರುತ್ತದೆ. ಅದರಲ್ಲಿ ಊರವರ ತಪ್ಪೇನೂ ಇಲ್ಲ.

ಆಮೇಲೆ ಬಂದದ್ದು ಜನ ತಳ್ಳುವ ರೈಲು. 1895ರಲ್ಲಿ ಅಟಾಮಿಯಿಂದ ಶುರುವಾಗಿ ಮರುವರ್ಷ ಒಡವಾರಾ ಎಂಬ ಊರಿನವರೆಗೆ, ಸುಮಾರು 25 ಕಿಲೊಮೀಟರು, ಕಡಲಂಚಿನ ಬೆಟ್ಟದ ಮೈಯಲ್ಲಿ ಕಿರಿದಾದ ಹಳಿ. ಅದರ ಮೇಲೆ ಏಳೆಂಟು ಜನ ಕೂರುವ ಪೆಟ್ಟಿಗೆಯಂಥ ಗಾಡಿ. ಎಂಜಿನ್ ಇಲ್ಲ, ಹಿಂದಿನಿಂದ ಎರಡು ಮೂರು ಆಳುಗಳು ತಳ್ಳುತ್ತಿದ್ದರು. ಇಳಿಜಾರು ಬಂದರೆ ತಾವೂ ಹಾರಿ ನಿಲ್ಲುತ್ತಿದ್ದರು. ನಾಲ್ಕು ಗಂಟೆಯ ಪಯಣ. ಮೂರು ದರ್ಜೆಯ ಟಿಕೆಟ್ಟಿತ್ತು. ಏರು ಬಂದಾಗ ಮೊದಲ ದರ್ಜೆಯವರು ಕೂತೇ ಇರುತ್ತಿದ್ದರು, ಎರಡನೆಯ ದರ್ಜೆಯವರು ಇಳಿದು ನಡೆಯುತ್ತಿದ್ದರು, ಮೂರನೆಯವರು ಇಳಿದು ಗಾಡಿ ತಳ್ಳುತ್ತಿದ್ದರು ಎಂದು ಹೇಳುತ್ತಾರೆ. ದುಡ್ಡು ಕೊಟ್ಟು ರೈಲು ಹತ್ತಿ ಆ ರೈಲನ್ನೇ ತಳ್ಳುವುದು! ಸುಖವಾಸದ ಅರ್ಥಶಾಸ್ತ್ರವನ್ನು ಇಷ್ಟು ನೇರವಾಗಿ ತೋರಿಸಿಕೊಟ್ಟ ಸಾರಿಗೆ ಮತ್ತೊಂದಿಲ್ಲ. 1907ರ ಹೊತ್ತಿಗೆ ಅದೇ ದಾರಿಗೆ ಉಗಿಯ ಎಂಜಿನ್ ಬಂತು. 1923ರ ಮಹಾಭೂಕಂಪ ಅದನ್ನೂ ಮುಗಿಸಿತು.

ಅಷ್ಟರಲ್ಲಿ ಬೆಟ್ಟದೊಳಗೆ ಇನ್ನೊಂದು ಕೆಲಸ ನಡೆದಿತ್ತು. ಟೋಕಿಯೊ ಒಸಾಕಾ ಮುಖ್ಯ ಮಾರ್ಗವನ್ನು ಅಟಾಮಿಯ ಮೂಲಕ ಹಾಯಿಸಲು ತನ್‌ನಾ ಸುರಂಗ ತೋಡುವ ಕೆಲಸ. 1918ರಲ್ಲಿ ಶುರುವಾದದ್ದು ಮುಗಿದದ್ದು 1934ರಲ್ಲಿ. ಉದ್ದ 7.8 ಕಿಲೊಮೀಟರು, ಹಿಡಿದದ್ದು ಹದಿನಾರು ವರ್ಷ. ಬಿರುಕು ಬಿಟ್ಟ ಬಂಡೆ, ಒಳಗಿಂದ ನುಗ್ಗುವ ನೀರು. 1921ರ ಕುಸಿತವೊಂದರಲ್ಲೇ ಹದಿನಾರು ಮಂದಿ ಹೋದರು. ಮಣ್ಣಿನಾಚೆ ಸಿಕ್ಕಿಕೊಂಡಿದ್ದ ಹದಿನೇಳು ಮಂದಿಯನ್ನು ಎಂಟು ದಿನದ ಮೇಲೆ ಜೀವಸಹಿತ ಹೊರತೆಗೆದರು. 1930ರಲ್ಲಿ ಭೂಮಿ ನಡುಗಿ ತೋಡಿದ ಸುರಂಗವೇ ಒಂದು ಕಡೆ ಮೀಟರುಗಟ್ಟಲೆ ಪಕ್ಕಕ್ಕೆ ಸರಿಯಿತು. ಒಟ್ಟು ಸತ್ತವರು 67. ಇದರ ಜೊತೆಗೆ ಯಾರೂ ಎಣಿಸದೆ ಇದ್ದ ಒಂದು ನಷ್ಟ: ಸುರಂಗಕ್ಕೆ ಬಸಿದು ಬಂದ ನೀರು ಮೇಲಿನ ತನ್‌ನಾ ಬಯಲಿನ ಒರತೆಗಳದ್ದು. ಅಲ್ಲಿ ವಸಾಬಿ ಬೆಳೆಯುತ್ತಿದ್ದ ತೊರೆಗಳು ಬತ್ತಿದವು, ಗದ್ದೆಗಳಿಗೆ ನೀರಿಲ್ಲವಾಯಿತು. ರೈತರು ಪರಿಹಾರ ಕೇಳಿ ಬೀದಿಗಿಳಿದರು. ಕೊನೆಗೆ ಗದ್ದೆಯ ಆಸೆ ಬಿಟ್ಟು ಅನೇಕರು ಹಸು ಕಟ್ಟಿದರು. ತನ್‌ನಾ ಹೆಸರಿನ ಹಾಲು ಇವತ್ತೂ ಅಂಗಡಿಯಲ್ಲಿ ಸಿಗುತ್ತದೆ. ಕೆಳಗಿನ ಊರಿಗೆ ನೀರಿನಲ್ಲಿ ಕೂರುವ ಜನ ಬರಲೆಂದು ಮೇಲಿನ ಊರಿನ ನೀರು ಹೋಯಿತು.

ಆ ಸುರಂಗದಿಂದ ಅಟಾಮಿಗೆ ಶುಕ್ರದೆಸೆ ಬಂತು. 1964ರಲ್ಲಿ ಶಿಂಕಾನ್‌ಸೆನ್ ಎಂಬ ವೇಗದ ರೈಲು ಬಂದ ಮೇಲಂತೂ ಟೋಕಿಯೊದಿಂದ ಮುಕ್ಕಾಲು ಗಂಟೆಯ ದಾರಿ. ಕಂಪನಿಗಳು ನೌಕರರನ್ನು ಗುಂಪುಗುಂಪಾಗಿ ಕರೆತಂದವು. ನೂರಾರು ಜನ ಒಟ್ಟಿಗೆ ಉಂಡು ಕುಡಿಯುವ ಹಜಾರಗಳು ಎದ್ದವು. ಕಡಲದಂಡೆಯಲ್ಲಿ ಒಂದು ಪ್ರತಿಮೆಯಿದೆ, ಓಜಾಕಿ ಕೊಯೊ ಅವರ ‘ಕೊಂಜಿಕಿ ಯಾಶಾ’ ಕಾದಂಬರಿಯದು: ಸಿರಿವಂತನನ್ನು ಮದುವೆಯಾಗಲು ಒಪ್ಪಿದಳೆಂದು ತರುಣನೊಬ್ಬ ತನ್ನ ಪ್ರಿಯತಮೆಯನ್ನು ಕಾಲಿನಿಂದ ಒದೆಯುವ ದೃಶ್ಯ. ಇದು ಹಿಂಸೆಯ ಸಮರ್ಥನೆಯಲ್ಲ ಎಂಬ ಫಲಕವನ್ನು ಈಗ ಪಕ್ಕದಲ್ಲಿ ನಿಲ್ಲಿಸಿದ್ದಾರೆ. ಅದು ಬೇರೆಯೇ ಬರಹದ ವಸ್ತು.

ನನಗೆ ಅಟಾಮಿ ಎಂದೊಡನೆ ನೆನಪಾಗುವುದು ಇನ್ನೊಂದು ಜೋಡಿ. ಯಾಸುಜಿರೊ ಓಜು ಅವರ ‘ಟೋಕಿಯೊ ಸ್ಟೋರಿ’ 1953ರ ಸಿನಿಮಾ. ಒನೊಮಿಚಿ ಎಂಬ ದೂರದ ಊರಿನಿಂದ ಅಪ್ಪ ಅಮ್ಮ ಮಕ್ಕಳನ್ನು ನೋಡಲು ಟೋಕಿಯೊಗೆ ಬರುತ್ತಾರೆ. ಮಗ ಡಾಕ್ಟರು, ಮಗಳಿಗೆ ಬ್ಯೂಟಿ ಪಾರ್ಲರು. ಇಬ್ಬರಿಗೂ ಪುರುಸೊತ್ತಿಲ್ಲ. ವಯಸ್ಸಾದವರನ್ನು ಊರು ಸುತ್ತಿಸುವುದು ಯಾರು? ಅಣ್ಣ ತಂಗಿ ದುಡ್ಡು ಹಾಕಿಕೊಂಡು ಅವರನ್ನು ಅಟಾಮಿಗೆ ಕಳಿಸಿಬಿಡುತ್ತಾರೆ. ಬಿಸಿನೀರು, ಕಡಲು, ಆರಾಮ. ಯಾರಾದರೂ ಬೇಡ ಎನ್ನುವಂಥದ್ದೇ? ಆದರೆ ಆ ವಸತಿಗೃಹ ಯುವಕರ ಗುಂಪುಗಳಿಗೆಂದು ಇರುವಂಥದ್ದು. ರಾತ್ರಿಯಿಡೀ ಪಕ್ಕದ ಕೋಣೆಗಳಲ್ಲಿ ಮಾಜಾಂಗ್ ಆಟ, ಕುಡಿತ, ಬೀದಿಯಲ್ಲಿ ಹಾಡು. ಮುದುಕ ಮುದುಕಿಗೆ ಕಣ್ಣು ಮುಚ್ಚಲಾಗುವುದಿಲ್ಲ. ಬೆಳಿಗ್ಗೆ ಇಬ್ಬರೂ ಯುಕಾತಾದಲ್ಲೇ ಕಡಲಿನ ತಡೆಗೋಡೆಯ ಮೇಲೆ ಕೂತು ಮನೆಗೆ ಹೋಗುವ ಮಾತಾಡುತ್ತಾರೆ. ಏಳುವಾಗ ಅಮ್ಮನಿಗೆ ಒಂದು ಗಳಿಗೆ ತಲೆ ಸುತ್ತುತ್ತದೆ. ಹೇಳಿದ್ದಕ್ಕಿಂತ ಮೊದಲೇ ಟೋಕಿಯೊಗೆ ವಾಪಸಾದಾಗ ಮಗಳಿಗೆ ಕಸಿವಿಸಿ, ಅವತ್ತು ಸಂಜೆ ಅವಳ ಮನೆಯಲ್ಲಿ ಸಭೆಯಿರುತ್ತದೆ.

ಓಜು ಯಾರನ್ನೂ ಕೆಟ್ಟವರಾಗಿ ತೋರಿಸುವುದಿಲ್ಲ. ಮಕ್ಕಳು ದುಡ್ಡು ಕೊಟ್ಟಿದ್ದಾರೆ, ಊರು ಒಳ್ಳೆಯದೇ, ನೀರೂ ಬಿಸಿಯಾಗಿಯೇ ಇದೆ. ಆದರೆ ಹೆತ್ತವರ ಜೊತೆ ಕೂರುವ ಭಾರವನ್ನು ಮಕ್ಕಳು ಅಟಾಮಿಯ ಮೇಲೆ ಹೊರಿಸಿದ್ದಾರೆ. ಊರು ಅದನ್ನು ಹೊರಲಾರದೆ ಹೋಯಿತು. ಪೀಪಾಯಿ ಹೊರುವ ಆಳು ಸಿಗುತ್ತಾನೆ, ಗಾಡಿ ತಳ್ಳುವವನೂ ಸಿಗುತ್ತಾನೆ. ಈ ಒಂದು ಕೆಲಸಕ್ಕೆ ಕೂಲಿಯಾಳು ಸಿಗುವುದಿಲ್ಲ. ಅಪ್ಪ ಅಮ್ಮನಿಗೆ ಯಾತ್ರೆಯ ಪ್ಯಾಕೇಜನ್ನೋ ರೆಸಾರ್ಟಿನ ಎರಡು ರಾತ್ರಿಯನ್ನೋ ಮೊಬೈಲಿನಲ್ಲೇ ಬುಕ್ ಮಾಡಿ, ಟಿಕೆಟನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಬೆಂಗಳೂರಿನ ಮಕ್ಕಳು ಈ ಸಿನಿಮಾವನ್ನು ಒಮ್ಮೆ ನೋಡಲಿ.

ಅಟಾಮಿಯ ಶುಕ್ರದೆಸೆ ಹೆಚ್ಚು ಕಾಲ ಉಳಿಯಲಿಲ್ಲ. ತೊಂಬತ್ತರ ದಶಕದಲ್ಲಿ ಜಪಾನಿನ ಆರ್ಥಿಕತೆ ಕುಸಿದಾಗ ಕಂಪನಿಗಳ ಗುಂಪು ಪ್ರವಾಸ ನಿಂತಿತು. ದೊಡ್ಡ ಹಜಾರಗಳು ಖಾಲಿ ಬಿದ್ದವು, ಎಷ್ಟೋ ಹೋಟೆಲುಗಳಿಗೆ ಬೀಗ ಬಿತ್ತು. ಕಳೆದ ಹತ್ತು ಹದಿನೈದು ವರ್ಷದಲ್ಲಿ ಊರು ಮತ್ತೆ ಚೇತರಿಸಿಕೊಂಡಿದೆ. ಈಗ ಬರುವವರು ಇಬ್ಬಿಬ್ಬರಾಗಿ, ಮನೆಮಂದಿಯಾಗಿ ಬರುತ್ತಾರೆ. ನೀವು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಕೋಣೆಯಲ್ಲಿ ಹಾಸಿಗೆ ಹಾಸಿರುತ್ತದೆ. ಬೆಳಿಗ್ಗೆ ಅನ್ನ, ಮಿಸೊ ಸಾರು, ಊರಿನ ಹೆಸರುವಾಸಿ ಒಣಮೀನು ಸುಟ್ಟು ತಂದಿಡುತ್ತಾರೆ. ಹೀಗೆ ಹಾಸಿ ಬಡಿಸುವ ಕೆಲಸಕ್ಕೆ ಜನ ಸಿಗದೆ ಜಪಾನಿನ ವಸತಿಗೃಹಗಳು ಒದ್ದಾಡುತ್ತಿವೆ. ಸರ್ಕಾರ 2019ರಲ್ಲಿ ಹೊರದೇಶದ ಕೆಲಸಗಾರರಿಗೆಂದು ತೆರೆದ ಹೊಸ ವೀಸಾದಲ್ಲಿ ವಸತಿಗೃಹದ ಕೆಲಸವೂ ಸೇರಿದೆ. ನೇಪಾಳ, ವಿಯೆಟ್ನಾಂ, ಇಂಡೊನೇಷ್ಯಾಗಳ ಹುಡುಗ ಹುಡುಗಿಯರು ಈಗ ಜಪಾನಿನ ಹೋಟೆಲುಗಳಲ್ಲಿ ಹಾಸಿಗೆ ಮಡಿಸುತ್ತಿದ್ದಾರೆ. ಹೆಗಲು ಬದಲಾಗಿದೆ, ಅಷ್ಟೆ.

ಇದನ್ನೆಲ್ಲ ತಿಳಿದರೆ ಸ್ನಾನದ ಸುಖ ಕೆಡುತ್ತದೆಯೇ ಎಂದು ಯಾರಾದರೂ ಕೇಳಬಹುದು. ಕೆಡುವುದಿಲ್ಲ, ಬಿಸಿನೀರು ಅಷ್ಟು ಒಳ್ಳೆಯದು. ನೀವು ಟೋಕಿಯೊಗೆ ಹೋಗುವುದಾದರೆ ಒಂದು ರಾತ್ರಿ ಅಟಾಮಿಗೆ ಇಡಿ, ಸಾಧ್ಯವಿದ್ದರೆ ಮನೆಯ ಹಿರಿಯರನ್ನು ಜೊತೆಗೆ ಕರೆದುಕೊಂಡು ಹೋಗಿ. ಕೋಣೆ ಕೊಡುವುದು ಹೇಗೂ ಮೂರಕ್ಕೆ. ಅದಕ್ಕೆ ಮೊದಲು ಬೀದಿ ಸುತ್ತುವ ಹೊತ್ತು ನಿಮ್ಮದೇ. ಟೋಬಿಯ ಕಲ್ಲನ್ನು ಎಲ್ಲರೂ ತೋರಿಸುತ್ತಾರೆ. ತನ್‌ನಾ ಸುರಂಗದ ಅಟಾಮಿ ಕಡೆಯ ಬಾಯಿಯ ಮೇಲೆ, ಅದನ್ನು ತೋಡುತ್ತಾ ಸತ್ತ 67 ಮಂದಿಯ ಸ್ಮಾರಕವಿದೆ. ಅದನ್ನು ನೀವೇ ಕೇಳಿಕೊಂಡು ಹೋಗಬೇಕು.