ನೋಟವು ಪ್ರಸಾದವಾಗುವ ಬಗೆ

ಯಾತ್ರೆಯ ವಿಷಯದಲ್ಲಿ ಶರಣಮಾರ್ಗದ ಗೃಹಸ್ಥನಿಗೆ ಒಂದು ಸಂಕೋಚವು ಸಹಜವಾಗಿಯೇ ಇರುವುದು. ಇಷ್ಟಲಿಂಗವು ಅಂಗದ ಮೇಲೆಯೇ ಇರಲು ಊರೂರು ಅಲೆಯುವುದೇಕೆ? ಕಾಯಕವನ್ನು ಬಿಟ್ಟು ನಾಲ್ಕು ದಿನಗಳನ್ನು ದಾರಿಯಲ್ಲಿ ಕಳೆದರೆ ಆ ನಾಲ್ಕು ದಿನಗಳ ದಾಸೋಹಕ್ಕೆ ಕೊರತೆಯಾಗದೆ? ಅದರಲ್ಲಿಯೂ ಹೋಗುವ ಸ್ಥಳವು ನಿತ್ಯಪೂಜೆಗೊಳ್ಳುವ ಕ್ಷೇತ್ರವಾಗಿರದೆ ಬಿದ್ದ ಕಲ್ಲುಗಳ ಹಾಳೂರಾಗಿದ್ದರೆ ಈ ಸಂಕೋಚವು ಇಮ್ಮಡಿಯಾಗುವುದು. ಎರಡು ತಾಸಿನ ನೋಟಕ್ಕಾಗಿ ಇಡೀ ದಿನದ ಪ್ರಯಾಣ, ಹಣ, ಆಯಾಸಗಳನ್ನು ವೆಚ್ಚಮಾಡುವುದು ಸಾರ್ಥಕವೋ ವ್ಯರ್ಥವೋ ಎಂಬುದು ವಾಹನಸೌಕರ್ಯವು ಹೆಚ್ಚಿರುವ ಈ ದಿನಗಳಲ್ಲಿ ವಿಚಾರಾರ್ಹವಾದ ಪ್ರಶ್ನೆಯಾಗಿದೆ.

ಇದನ್ನು ಒಂದು ಪ್ರಸಂಗದ ಮೂಲಕ ವಿವೇಚಿಸಬಹುದು. ಸುಗ್ಗಿ ಮುಗಿದ ಮೇಲೆ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಸದ್ಭಕ್ತರು ಕೂಡಿ ಒಂದು ಬಾಡಿಗೆಯ ಬಸ್ಸು ಮಾಡಿಕೊಂಡು ಕೂಡಲಸಂಗಮಕ್ಕೆ ಹೋದರು. ಕೃಷ್ಣಾ ಮಲಪ್ರಭೆಗಳ ಸಂಗಮವನ್ನು ಕಂಡರು. ನಾರಾಯಣಪುರದ ಅಣೆಕಟ್ಟಿನ ಹಿನ್ನೀರು ನುಂಗದಂತೆ ಸುತ್ತ ಗೋಡೆಯೆತ್ತಿ ಕಾಪಾಡಿರುವ ಐಕ್ಯಮಂಟಪಕ್ಕೆ ಮೆಟ್ಟಿಲಿಳಿದು ಹೋಗಿ ಶರಣೆಂದರು. ರಾತ್ರಿ ಪ್ರಸಾದವಾದ ಮೇಲೆ ಒಬ್ಬರು ಮಾತೆತ್ತಿದರು: “ಇಷ್ಟು ದೂರ ಬಂದಿದ್ದೇವೆ. ನಾಳೆ ಬಸವಕಲ್ಯಾಣವನ್ನೂ ನೋಡಿಕೊಂಡು ಹೋಗೋಣ.” ದಾರಿಯು ಮುನ್ನೂರು ಕಿಲೋಮೀಟರಿಗೆ ಹತ್ತಿರ. ಹೋಗಲು ಆರೇಳು ತಾಸು, ಬರಲು ಅಷ್ಟೇ. ನೋಡಲು ಉಳಿಯುವುದು ಎರಡು ಮೂರು ತಾಸು ಮಾತ್ರ.

ಸಭೆಯು ಎರಡಾಯಿತು. ಸವಣೂರಿನ ಎಲೆತೋಟದವರು, “ಅಲ್ಲಿ ನೋಡಲು ಏನಿದೆ?” ಎಂದು ಕೇಳಿದರು. ಅವರ ಮಾತು ನಿರಾಧಾರವಾದುದಲ್ಲ. ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯ ಸೋಮೇಶ್ವರನು ಮಾನ್ಯಖೇಟವನ್ನು ಬಿಟ್ಟು ಕಲ್ಯಾಣವನ್ನು ರಾಜಧಾನಿಯಾಗಿ ಮಾಡಿಕೊಂಡನು. ಆರನೆಯ ವಿಕ್ರಮಾದಿತ್ಯನು ಅಲ್ಲಿ 1076ರಿಂದ ಐವತ್ತು ವರ್ಷಗಳ ಕಾಲ ಆಳಿದನು. ವಿಜ್ಞಾನೇಶ್ವರನ ಮಿತಾಕ್ಷರೆಯೂ ಬಿಲ್ಹಣನ ಕಾವ್ಯವೂ ಅವನ ಆಶ್ರಯದಲ್ಲಿಯೇ ಹುಟ್ಟಿದುವು. ಬಿಜ್ಜಳನ ಕಾಲದಲ್ಲಿ ಬಸವಾದಿ ಶರಣರು ಅಲ್ಲಿ ನೆರೆದರು. ಆದರೆ ಆ ಕಾಲದ ಅರಮನೆಯನ್ನಾಗಲಿ ಮಹಾಮನೆಯನ್ನಾಗಲಿ ಅಲ್ಲಿ ಹುಡುಕಿದರೆ ಕಾಣದು. ಇಂದು ಕಾಣುವ ಕೋಟೆಯು ಅನಂತರದ ಅರಸರ ಕೈಯಲ್ಲಿ ಬಹುವಾಗಿ ಮಾರ್ಪಟ್ಟಿದೆ. ಕೆರೆಯಿದೆ, ಪರುಷಕಟ್ಟೆಯಿದೆ, ಶರಣರ ಹೆಸರು ಹೊತ್ತ ಗವಿಗಳಿವೆ. ಹೊಸ ಅನುಭವಮಂಟಪಕ್ಕೆ 2021ರಲ್ಲಿ ಅಡಿಗಲ್ಲಿಟ್ಟಿದ್ದಾರೆ. ಹಳೆಯ ವೈಭವವನ್ನು ಕಣ್ಣಿನಿಂದ ಅಳೆಯುವೆನೆಂದು ಹೋದವನು ಬರಿಗೈಯಲ್ಲಿ ಮರಳುವನು.

ಶಿಗ್ಗಾವಿಯ ವ್ಯಾಪಾರಿಗಳೊಬ್ಬರು ಲೆಕ್ಕವನ್ನು ಮುಂದಿಟ್ಟರು. ಬಸ್ಸಿನ ಬಾಡಿಗೆಯು ಕಿಲೋಮೀಟರಿನ ಮೇಲೆ ಏರುವುದು. ಜೊತೆಯಲ್ಲಿದ್ದವರ ಪೈಕಿ ಕೆಲವರು ಕೈಗಡ ಮಾಡಿ ಬಂದವರು. ಅವರು ನಾಚಿಕೆಯಿಂದ ಬಾಯಿಬಿಡದೆ ಕುಳಿತಿದ್ದರು. ಹಿರೇಕೆರೂರಿನ ಕಡೆಯ ಒಬ್ಬ ತರುಣನು ಮಾತ್ರ ಹೋಗಲೇಬೇಕೆಂದು ಹಟ ಹಿಡಿದನು. ಅವನು ಚಿಕ್ಕಂದಿನಿಂದ ವಚನಗಳನ್ನು ಓದಿದವನು. ಕೂಲಿಯ ಹಣದಲ್ಲಿ ಉಳಿಸಿ, ಮಂಡಿನೋವಿನ ಅಜ್ಜಿಯನ್ನೂ ಕರೆದುಕೊಂಡು ಬಂದಿದ್ದನು.

ಆಗ ಹಾನಗಲ್ಲಿನ ನಿವೃತ್ತ ಶಿಕ್ಷಕರೊಬ್ಬರು ತಮ್ಮ ಅನುಭವವನ್ನು ಹೇಳಿದರು. ಅಮೆರಿಕೆಯಲ್ಲಿರುವ ಮಗನು ಅವರನ್ನು ಒಮ್ಮೆ ಹಡಗಿನ ವಿಹಾರಕ್ಕೆ ಕರೆದೊಯ್ದಿದ್ದನು. ಹಡಗು ಮೆಕ್ಸಿಕೋ ದೇಶದ ಕೋಜುಮೆಲ್ ದ್ವೀಪದಲ್ಲಿ ಒಂದು ಹಗಲು ನಿಂತಿತು. ಅಲ್ಲಿಂದ ದೋಣಿಯಲ್ಲಿ ದಡಕ್ಕೆ ದಾಟಿ, ಬಸ್ಸಿನಲ್ಲಿ ಎರಡೂವರೆ ತಾಸು ಸಾಗಿದರೆ ಚಿಚೆನ್ ಇಟ್ಜಾ ಎಂಬ ಮಾಯಾ ಜನರ ಹಾಳೂರು. ಹೋಗಿ ಬರುವುದಕ್ಕೇ ಆರೇಳು ತಾಸು ಕಳೆದು, ಬಿಸಿಲಿನಲ್ಲಿ ಎರಡು ತಾಸು ನಿಂತು ನೋಡಿ, ಹಡಗು ಬಿಟ್ಟುಹೋದೀತೆಂಬ ಭಯದಲ್ಲಿ ಓಡಿ ಬಂದರು. “ಅಷ್ಟು ಕಷ್ಟಪಟ್ಟದ್ದು ವ್ಯರ್ಥವೆಂದೇ ನನಗೆ ತೋರಿತು. ಆದುದರಿಂದ ನಾಳೆಯ ಪ್ರಯಾಣವೂ ಬೇಡ” ಎಂದು ಅವರ ತೀರ್ಮಾನ.

ಆದರೆ ಅಲ್ಲಿ ಕಂಡುದೇನೆಂದು ತರುಣನು ಕೇಳಲು ಅವರು ಹೇಳತೊಡಗಿದರು. ಅಲ್ಲಿಯ ದೊಡ್ಡ ಗೋಪುರಕ್ಕೆ ನಾಲ್ಕು ಕಡೆಗಳಲ್ಲಿ ತೊಂಬತ್ತೊಂದು ತೊಂಬತ್ತೊಂದು ಮೆಟ್ಟಿಲುಗಳು. ಮೇಲಿನ ಜಗುಲಿಯನ್ನು ಸೇರಿಸಿದರೆ 365, ಅಂದರೆ ವರ್ಷದ ದಿನಗಳ ಸಂಖ್ಯೆ. ಕಲ್ಲಿನಲ್ಲಿ ಪಂಚಾಂಗವನ್ನೇ ಕಟ್ಟಿದ ಆ ಜನರು ಸೊನ್ನೆಯನ್ನು ಬಲ್ಲವರು. ಮರದ ತೊಗಟೆಯ ಮೇಲೆ ಬರೆದ ಮಡಿಕೆಯ ಪುಸ್ತಕಗಳು ಅವರಲ್ಲಿ ಇದ್ದುವು. 1562ರಲ್ಲಿ ಮಾನಿ ಎಂಬ ಊರಿನಲ್ಲಿ ದಿಯೇಗೊ ದೆ ಲಾಂಡನೆಂಬ ಸ್ಪೇನ್ ದೇಶದ ಪಾದ್ರಿಯು ಅವನ್ನು ರಾಶಿಹಾಕಿಸಿ ಸುಡಿಸಿದನು. ಇಂದು ಉಳಿದುಬಂದಿರುವ ಮಾಯಾ ಪುಸ್ತಕಗಳು ನಾಲ್ಕೇ. ಆ ಜನರು ಅಳಿದಿಲ್ಲ. ಮಾಯಾ ನುಡಿಗಳನ್ನು ಆಡುವವರು ಮೆಕ್ಸಿಕೋ, ಗ್ವಾಟೆಮಾಲಾ ದೇಶಗಳಲ್ಲಿ ಇಂದಿಗೂ ಲಕ್ಷಾಂತರ ಮಂದಿ ಇದ್ದಾರೆ. “ಗೋಪುರದ ದಾರಿಯ ಮರದಡಿಯಲ್ಲಿ ಕುಳಿತು ಕಟ್ಟಿಗೆಯ ಬೊಂಬೆ ಮಾರುವವರು ಅವರೇ. ನಾವು ಗೋಪುರ ನೋಡುವ ಅವಸರದಲ್ಲಿ ಅವರ ಮುಖ ನೋಡಲಿಲ್ಲ” ಎಂದು ಹೇಳಿ ಅವರು ಸುಮ್ಮನಾದರು.

ಸಭೆಯೂ ಸುಮ್ಮನಾಗಿತ್ತು. ಪುಸ್ತಕಗಳನ್ನು ಸುಟ್ಟ ಮಾತನ್ನು ಕೇಳಿ ಎಲ್ಲರಿಗೂ ವಚನಗಳ ಓಲೆಗಟ್ಟುಗಳ ನೆನಪಾಯಿತು. ಅಲ್ಲಿ ಕಲ್ಲು ನಿಂತಿತು, ಬರಹವು ಬೂದಿಯಾಯಿತು. ಕಲ್ಯಾಣದಲ್ಲಿ ಕಲ್ಲು ಬಿದ್ದಿತು, ಬರಹವು ಉಳಿಯಿತು. ಕಲ್ಯಾಣವು ಕದಡಿದಾಗ ಶರಣರು ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಡೆಗೆ ನಡೆದರೆಂಬುದು ಪರಂಪರೆಯ ಮಾತು. ಮುಂದೆ ಅವು ಮಠಗಳಲ್ಲಿಯೂ ಮನೆಗಳ ಜಗುಲಿಗಳಲ್ಲಿಯೂ ಉಳಿದುವು. ಡಾ. ಫ. ಗು. ಹಳಕಟ್ಟಿಯವರು ಮನೆಮನೆಗೆ ಅಲೆದು ಅಂತಹ ಓಲೆಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಅವರ ಅಲೆದಾಟವನ್ನು ವ್ಯರ್ಥಪ್ರಯಾಣವೆಂದು ಯಾರು ಹೇಳಿಯಾರು?

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಶಿಕ್ಷಕರು ತಮ್ಮ ಪ್ರಯಾಣವು ವ್ಯರ್ಥವೆಂದು ಸಾಧಿಸಲು ಹೊರಟರು. ಅವರ ಮಾತೇ ಅದನ್ನು ಸಾರ್ಥಕಗೊಳಿಸಿತು. ಹಡಗಿಗೆ ಮರಳಿದ ಸಂಜೆ ಅವರ ಬಳಿ ಇದ್ದುದು ಆಯಾಸವೊಂದೇ. ಸಂಗಮದ ಆ ರಾತ್ರಿ ಕೇಳುವವರು ದೊರೆತಾಗ ಅದೇ ಆಯಾಸವು ಅರಿವಾಗಿ ಹೊರಬಂದಿತು.

ಶರಣಶಾಸ್ತ್ರದ ಅರ್ಪಿತತತ್ತ್ವವು ಈ ವಿಷಯವನ್ನು ಸ್ಪಷ್ಟಗೊಳಿಸುವುದು. ಪದಾರ್ಥವು ತಾನಾಗಿ ಪ್ರಸಾದವಲ್ಲ, ಅರ್ಪಿತವಾದಾಗಲೇ ಅದು ಪ್ರಸಾದ. ರೂಪನ್ನು ಇಷ್ಟಲಿಂಗಕ್ಕೆ, ರುಚಿಯನ್ನು ಪ್ರಾಣಲಿಂಗಕ್ಕೆ, ತೃಪ್ತಿಯನ್ನು ಭಾವಲಿಂಗಕ್ಕೆ ಅರ್ಪಿಸುವುದು ಕ್ರಮ. ಊಟದ ವಿಷಯದಲ್ಲಿ ಇದನ್ನು ಎಲ್ಲರೂ ಬಲ್ಲರು. ಕಣ್ಣಿನ ಊಟಕ್ಕೂ ಇದೇ ನಿಯಮವೆಂಬುದನ್ನು ಮರೆಯುವರು. ಹಾಳೂರನ್ನು ಕಂಡು ಮೊಬೈಲಿನಲ್ಲಿ ಚಿತ್ರ ಹಿಡಿದುದು ರೂಪು ಮಾತ್ರ. ಕಂಡುದರ ಕಾರಣವನ್ನು ತಿಳಿದುದು ರುಚಿ. ತಿಳಿದುದನ್ನು ಬರಲಾಗದವರೊಡನೆ ಹಂಚಿಕೊಂಡು, ಅವರ ಮುಖದಲ್ಲಿ ಅರಿವು ಬೆಳಗಿದಾಗ ಆಗುವುದು ತೃಪ್ತಿ. ರೂಪಿನಲ್ಲಿಯೇ ನಿಂತ ಯಾತ್ರೆಯು ತಾಸಿನ ಲೆಕ್ಕದಲ್ಲಿ ಎಷ್ಟು ಅಗ್ಗವಾದರೂ ನಷ್ಟವೇ. ತೃಪ್ತಿಯವರೆಗೆ ಸಾಗಿದ ಯಾತ್ರೆಯು ಎಷ್ಟು ದೂರದ್ದಾದರೂ ನಷ್ಟವಲ್ಲ.

ಶರಣರು ಯಾತ್ರೆಯನ್ನು ಹಳಿದರೆಂದು ಹೇಳುವವರು ಶರಣರೇ ಎಷ್ಟು ನಡೆದವರೆಂಬುದನ್ನು ನೆನೆಯಬೇಕು. ಅಲ್ಲಮಪ್ರಭುಗಳು ಹಿರೇಕೆರೂರಿಗೆ ಸಮೀಪದ ಬಳ್ಳಿಗಾವೆಯ ಕಡೆಯವರು. ಅಕ್ಕಮಹಾದೇವಿಯು ಉಡುತಡಿಯಿಂದ ಕಲ್ಯಾಣಕ್ಕೂ ಕಲ್ಯಾಣದಿಂದ ಶ್ರೀಶೈಲಕ್ಕೂ ನಡೆದವಳು. ಅವರು ಕಲ್ಯಾಣಕ್ಕೆ ಹೋದುದು ಅದರ ಕೋಟೆಯನ್ನು ನೋಡುವುದಕ್ಕಲ್ಲ, ಅಲ್ಲಿದ್ದವರನ್ನು ಕಾಣುವುದಕ್ಕೆ. ಸ್ಥಾವರ ಜಂಗಮಗಳ ವಿವೇಕವೆಂದರೆ ಇದೇ.

ಈ ವಿವೇಕವನ್ನು ಆ ಸಭೆಗೆ ತಂದವಳು ಶಾಸ್ತ್ರವನ್ನೋದದ ಆ ತರುಣನ ಅಜ್ಜಿ. ಎಲ್ಲರೂ “ಅಲ್ಲಿ ಏನಿದೆ?” ಎಂದು ಕೇಳುತ್ತಿದ್ದಾಗ ಅವಳು, “ತಮ್ಮಾ, ಈಗ ಅಲ್ಲಿ ಯಾರ ಅದಾರ?” ಎಂದು ಕೇಳಿದಳು. ಉತ್ತರವು ಯಾರಲ್ಲಿಯೂ ಇರಲಿಲ್ಲ. ಅದನ್ನು ತಿಳಿಯುವುದಕ್ಕಾದರೂ ಹೋಗಬೇಕೆಂದು ತೀರ್ಮಾನವಾಯಿತು. ಹೆಚ್ಚಿನ ಬಾಡಿಗೆಯನ್ನು ಅನುಕೂಲವಿದ್ದವರು ಹಂಚಿಕೊಂಡರು. ಆದರೆ ಅಜ್ಜಿಯ ಮಂಡಿಗಳು ಹದಿನಾಲ್ಕು ತಾಸಿನ ಪ್ರಯಾಣವನ್ನು ತಾಳುವಂತಿರಲಿಲ್ಲ. “ನೀ ಹೋಗಿ ಬಾ, ನಾ ಇಲ್ಲೇ ಇರತೀನಿ” ಎಂದು ಅವಳು ಎಷ್ಟು ಹೇಳಿದರೂ ಮೊಮ್ಮಗನು ಕೇಳಲಿಲ್ಲ. ಹೋಗಬೇಕೆಂದು ಎಲ್ಲರಿಗಿಂತ ಹೆಚ್ಚು ಹಂಬಲಿಸಿದವನೇ ಸಂಗಮದಲ್ಲಿ ಉಳಿದನು.

ಇಂತಹವನನ್ನು ಕುರಿತು, “ಉಳಿದವನೇ ನಿಜವಾದ ಕಲ್ಯಾಣವನ್ನು ಕಂಡನು” ಎಂದು ಹೊಗಳಿ ಕೈತೊಳೆದುಕೊಳ್ಳುವುದು ಸುಲಭ. ಆ ಹೊಗಳಿಕೆಯಲ್ಲಿ ಒಂದು ಕಪಟವಿದೆ. ಅವನಿಗೆ ಆದುದು ನಷ್ಟವೇ. ಸೇವೆಯ ಪುಣ್ಯವನ್ನು ತೋರಿಸಿ ಆ ನಷ್ಟವನ್ನು ಮುಚ್ಚಲಾಗದು. ಒಬ್ಬನು ಉಳಿದುದರಿಂದಲೇ ಮೂವತ್ತು ಮಂದಿ ನಿಶ್ಚಿಂತೆಯಿಂದ ಹೋಗಲು ಸಾಧ್ಯವಾಯಿತು. ಪ್ರತಿಯೊಂದು ಯಾತ್ರೆಯ ಹಿಂದೆಯೂ ಇಂತಹ ಒಬ್ಬನಿರುವನು. ದನಕರುಗಳನ್ನು ನೋಡಿಕೊಂಡ ತಮ್ಮ, ಅಂಗಡಿಯಲ್ಲಿ ಕುಳಿತ ಮಗ, ಒಲೆಯ ಮುಂದೆ ಉಳಿದ ಸೊಸೆ ಇವರೆಲ್ಲರೂ ಹಾಗೆ ಉಳಿದವರೇ. ನೋಡಿ ಬಂದವನು ನೋಡದವನಿಗೆ ಸಾಲಗಾರನು. ಈ ಸಾಲವನ್ನು ತೀರಿಸುವ ಮನಸ್ಸಿಲ್ಲದವನ ಯಾತ್ರೆಯು ಪರರ ಕಾಯಕದ ಮೇಲಿನ ಸವಾರಿಯಾಗುವುದು.

ಮರುದಿನ ರಾತ್ರಿ ಬಹಳ ಹೊತ್ತಿಗೆ ಬಸ್ಸು ಮರಳಿತು. ಹಲವರು ಮೊಬೈಲನ್ನು ತೆರೆದು ತೋರಿಸಿದರು. ಕೆರೆ, ಕಟ್ಟೆ, ತಮ್ಮ ತಮ್ಮ ಮುಖ ಬಿಟ್ಟು ಹೆಚ್ಚೇನೂ ಹೇಳಲಾಗಲಿಲ್ಲ. ಶಿಕ್ಷಕರು ಈ ಬಾರಿ ಮುಖಗಳನ್ನು ನೋಡಿ ಬಂದಿದ್ದರು. ನುಲಿಯ ಚಂದಯ್ಯನ ಗವಿಯ ಹತ್ತಿರ ಕುರಿ ಕಾಯುವ ಮುದುಕಿಯೊಬ್ಬಳು ಅವರಿಗೆ ಕುಡಿಯಲು ನೀರು ಕೊಟ್ಟು, ಚಂದಯ್ಯನು ಹುಲ್ಲು ಕೊಯ್ದು ಹಗ್ಗ ಹೊಸೆದ ಕಥೆಯನ್ನು ತನ್ನೂರಿನ ಹಿರಿಯನ ಕಥೆಯೆಂಬಂತೆ ಹೇಳಿದ್ದಳು. ಅದನ್ನು ಕೇಳಿದ ಅಜ್ಜಿಯು, “ಹಂಗಾರ ಅಲ್ಲಿ ನಮ್ಮವರ ಅದಾರ” ಎಂದಳು. ಆ ಮೂವತ್ತು ಮಂದಿಯಲ್ಲಿ ಕಲ್ಯಾಣವನ್ನು ಸಂಗಮದವರೆಗೆ ತಂದವರು ಅವರೊಬ್ಬರೇ.

ಆದುದರಿಂದ ದೂರದ ಹಾಳೂರಿಗೆ ಹೊರಡುವ ಗೃಹಸ್ಥನು ತಾಸು, ಕಿಲೋಮೀಟರುಗಳನ್ನು ಎಣಿಸುವುದಕ್ಕೆ ಮೊದಲು ತನ್ನನ್ನು ತಾನೇ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳತಕ್ಕದ್ದು. ಈ ಪ್ರಯಾಣದ ಭಾರವು ಯಾರ ಮೇಲೆ ಬೀಳುವುದು? ಏನನ್ನು ಅರಿಯುವುದಕ್ಕಾಗಿ ಹೋಗುತ್ತಿರುವೆನು? ಮರಳಿ ಬಂದು ಯಾರಿಗೆ ಏನನ್ನು ಕೊಡುವೆನು? ಮೊದಲನೆಯದಕ್ಕೆ ಉತ್ತರವಿಲ್ಲದಿದ್ದರೆ ಹೊರಡಬಾರದು. ಎರಡನೆಯದಕ್ಕೆ ಇಲ್ಲದಿದ್ದರೆ ಹೊರಡುವುದನ್ನು ಮುಂದಕ್ಕೆ ಹಾಕಿ ಮೊದಲು ಓದಬೇಕು, ತಿಳಿದವರನ್ನು ಕೇಳಬೇಕು. ಮೂರನೆಯದಕ್ಕೆ ಉತ್ತರವಿದ್ದರೆ ಕಲ್ಯಾಣವೇಕೆ, ಸಮುದ್ರದಾಚೆಯ ಮಾಯಾ ನಗರಕ್ಕೂ ಧಾರಾಳವಾಗಿ ಹೋಗಬಹುದು.

ಈ ಅಭ್ಯಾಸವನ್ನು ಮನೆಯ ಬಾಗಿಲಿನಿಂದಲೇ ಆರಂಭಿಸಬಹುದು. ಹಾನಗಲ್ಲಿನ ತಾರಕೇಶ್ವರನ ಗುಡಿಯಲ್ಲಿ ತಲೆಯೆತ್ತಿ ನೋಡಿದರೆ ಕಲ್ಲಿನ ಮಹಾಕಮಲವು ತೂಗುತ್ತಿರುವುದು. ಶಿಗ್ಗಾವಿ ತಾಲೂಕಿನ ಬಂಕಾಪುರದ ಕೋಟೆಯೊಳಗೆ ಅರವತ್ತು ಕಂಬದ ನಗರೇಶ್ವರನ ಗುಡಿಯಿದೆ. ಹಿರೇಕೆರೂರು ತಾಲೂಕಿನ ಅಬಲೂರಿನಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುವ ಶಾಸನವಿದೆ. ಸವಣೂರಿನ ಮಠದ ಆವರಣದಲ್ಲಿ ಆಫ್ರಿಕಾ ಮೂಲದ ದೊಡ್ಡಹುಣಸೆಯ ಮರಗಳಿವೆ. ಅವುಗಳಲ್ಲೊಂದು 2023ರ ಮಳೆಗಾಲದಲ್ಲಿ ಉರುಳಿದಾಗ ಜನರು ಅದನ್ನು ಎತ್ತಿ ಮತ್ತೆ ನೆಟ್ಟರು. ಇವುಗಳಲ್ಲಿ ಒಂದನ್ನು ನೋಡಿ ಬಂದು, ಹಾಸಿಗೆ ಹಿಡಿದ ನೆರೆಯವನಿಗೆ ಅರ್ಧ ತಾಸು ಮನಮುಟ್ಟುವಂತೆ ಹೇಳಬಲ್ಲವನು ದೂರದ ಯಾತ್ರೆಗೆ ಅರ್ಹನು.

ಇನ್ನು ಆ ತರುಣನ ಮಾತು. ಹೇಳಿ ತೀರಿಸುವ ಸಾಲವು ಕೆಲವೊಮ್ಮೆ ಅರ್ಧವೇ ತೀರುವುದು. ಮುಂದಿನ ಸುಗ್ಗಿಯ ಅನಂತರ ಅವನನ್ನು ಕಲ್ಯಾಣಕ್ಕೆ ಕಳುಹಿಸುವುದೆಂದೂ, ಆ ಎರಡು ದಿನ ಅಜ್ಜಿಯನ್ನು ತಾವು ನೋಡಿಕೊಳ್ಳುವುದೆಂದೂ ಬಸ್ಸಿನವರು ಊರು ಮುಟ್ಟುವುದರೊಳಗೆ ಮಾತಾಡಿಕೊಂಡರು. ಅಷ್ಟನ್ನು ನಡೆಸಿದ ದಿನವೇ ಅವರ ಯಾತ್ರೆಯು ಪೂರ್ಣವಾಗುವುದು.